ಆಸ್ಟ್ರೇಲಿಯಾದ ಗ್ರೇಟ್ ಆಲ್ಪೈನ್ ರೋಡ್‌ನಲ್ಲಿ ಚಳಿಗಾಲದ ಬೆಳಿಗ್ಗೆ ಡೀಸೆಲ್ ಕಾರು ಯಾಕೆ ಸ್ಟಾರ್ಟ್ ಆಗುವುದಿಲ್ಲ?

ಟ್ಯಾಂಕಿನಲ್ಲಿ ಬೆಟ್ಟದ ಕೆಳಗಿನ ಊರುಗಳ ಮಾಮೂಲಿ ಡೀಸೆಲ್ ಇರುವುದೇ ಹೆಚ್ಚಾಗಿ ಕಾರಣ. ಡೀಸೆಲ್‌ನಲ್ಲಿ ಸಹಜವಾಗಿಯೇ ಮೇಣದ ಅಂಶವಿರುತ್ತದೆ. ವಿಕ್ಟೋರಿಯಾದ ಈ ರಸ್ತೆ ಮೌಂಟ್ ಹಾಥಮ್ ಬಳಿ 1,800 ಮೀಟರ್ ಎತ್ತರ ದಾಟುತ್ತದೆ. ಅಲ್ಲಿ ರಾತ್ರಿ ಉಷ್ಣತೆ ಸೊನ್ನೆಗಿಂತ ಕೆಳಗಿಳಿದಾಗ ಆ ಮೇಣ, ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾದ ಹಾಗೆ, ಹರಳುಗಟ್ಟಿ ಫಿಲ್ಟರನ್ನು ಕಟ್ಟಿಬಿಡುತ್ತದೆ. ಬ್ಯಾಟರಿ ಚೆನ್ನಾಗಿದ್ದರೂ ಎಂಜಿನ್‌ಗೆ ಇಂಧನವೇ ತಲುಪದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ (ಅಲ್ಲಿ ಆಗ ಚಳಿ) ಹೋಗುವವರು ಟ್ಯಾಂಕು ಕಾಲುಭಾಗಕ್ಕೆ ಇಳಿದ ಮೇಲೆ, ಘಾಟಿ ಹತ್ತುವ ಮೊದಲೇ, ಬ್ರೈಟ್ ಪಟ್ಟಣದಲ್ಲಿ ಚಳಿಗೆ ಬೇಗ ಗಟ್ಟಿಯಾಗದಂತೆ ತಯಾರಿಸಿದ ‘ಆಲ್ಪೈನ್ ಡೀಸೆಲ್’ ತುಂಬಿಸಿಕೊಳ್ಳಬೇಕು. ಬಹಳ ಜನ ಎಡವುವುದು ಇಲ್ಲೇ: ಮೇಲೆ ಹೋಗಿ ತುಂಬಿಸಿ ತಕ್ಷಣ ನಿಲ್ಲಿಸಿದರೆ ಪೈಪು, ಫಿಲ್ಟರ್‌ನಲ್ಲಿ ಹಳೆಯ ಡೀಸೆಲ್ಲೇ ಉಳಿದಿರುತ್ತದೆ. ರಾತ್ರಿ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಹೆಪ್ಪುಗಟ್ಟಿ ಹಿಡಿದುಕೊಳ್ಳುತ್ತದೆ, ಗೇರ್‌ನಲ್ಲಿ ನಿಲ್ಲಿಸಿ.