ಹಳೇ ಫ್ರಾಕ್ಷನ್ ಕಲೆಕ್ಟರ್‌ಗೆ ಎಸ್‌ಎಫ್‌ಸಿ ಜೋಡಿಸಿದರೆ ನಡೆಯುತ್ತದಾ?

ನಡೆಯುವುದಿಲ್ಲ. ಜೋಡಿಸಿ ನೋಡಿದವನು ನಾನು, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ. ಹೊಸಬರಿಗೆ ಒಂದು ಮಾತು: ಎಚ್‌ಪಿಎಲ್‌ಸಿ ಅಂದರೆ ದ್ರವ ಹರಿಸಿ ಮಿಶ್ರಣದ ಅಂಶಗಳನ್ನು ಬೇರೆ ಮಾಡುವ ಮಷೀನ್, ಎಸ್‌ಎಫ್‌ಸಿ (ಸೂಪರ್‌ಕ್ರಿಟಿಕಲ್ ಫ್ಲೂಯಿಡ್ ಕ್ರೊಮಟೋಗ್ರಫಿ) ಅದೇ ಕೆಲಸವನ್ನು ಭಾರೀ ಒತ್ತಡದ ಗ್ಯಾಸ್ ಹರಿಸಿ ಮಾಡುತ್ತದೆ. ಬೇರೆಯಾಗಿ ಬಂದ ಭಾಗಗಳನ್ನು, ಅಂದರೆ ಫ್ರಾಕ್ಷನ್‌ಗಳನ್ನು, ಟ್ಯೂಬ್‌ಗಳಲ್ಲಿ ಹಿಡಿಯುವುದು ಫ್ರಾಕ್ಷನ್ ಕಲೆಕ್ಟರ್.

ಹುಬ್ಬಳ್ಳಿಯಲ್ಲಿ ಸಣ್ಣ ಲ್ಯಾಬ್ ಇದೆ, ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಬಣ್ಣ ಮತ್ತು ಖಾರದ ಅಂಶ ಎರಡನ್ನೂ ಬೇರೆ ಮಾಡಿ ಶುದ್ಧವಾಗಿ ಕೊಡಬೇಕು, ಎಸ್‌ಎಫ್‌ಸಿ ಯಾವ ಕಂಪನಿಯದು ತಗೊಳ್ಳಲಿ, ಎಚ್‌ಪಿಎಲ್‌ಸಿಯ ಕಲೆಕ್ಟರ್ ಹೇಗೂ ಇದೆ, ಅದನ್ನೇ ಬಳಸಿದರೆ ದುಡ್ಡು ಉಳಿಯುತ್ತದಲ್ಲ ಅಂತ ಕೇಳಿದ್ದೀರಿ. ಓದಿ ನಗು ಬಂತು, ಸ್ವಲ್ಪ ಸಂಕಟವೂ ಆಯಿತು. ಇದೇ ಮಾತನ್ನು ನಾನು ನಮ್ಮ ಸಾಹೇಬರ ಮುಂದೆ ಹೇಳಿದ್ದೆ. "ಕಲೆಕ್ಟರ್ ನಮ್ಮ ಹಂತ್ಯಾಕ ಐತಲ್ರೀ ಸರ್, ಸುಮ್ನ ಯಾಕ ರೊಕ್ಕ ಹಾಕೋದು?" ಅವರಿಗೆ ಅಷ್ಟೇ ಬೇಕಾಗಿತ್ತು. ಕೊಟೇಶನ್‌ನಲ್ಲಿ ಕಲೆಕ್ಷನ್ ಮಾಡ್ಯೂಲ್ ಅಂತ ಇದ್ದ ಸಾಲನ್ನು ಪೆನ್ನಿನಿಂದ ಹೊಡೆದು ಹಾಕಿದರು.

ನಮ್ಮ ಲ್ಯಾಬ್ ರಾಯಾಪುರದ ಕಡೆ ಒಂದು ಶೆಡ್ಡಿನಲ್ಲಿತ್ತು. ಬೇರೆಯವರ ಸ್ಯಾಂಪಲ್ ತಗೊಂಡು ಶುದ್ಧ ಮಾಡಿಕೊಡುವ ಕೆಲಸ. ಗೋಡೆಯ ಆಚೆ ಖಾರ ಕುಟ್ಟುವ ಗಿರಣಿ. ಈ ಗಿರಣಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ಮಸಾಲೆ ವ್ಯಾಪಾರದ ಒಬ್ಬ ಗಿರಾಕಿ ಬ್ಯಾಡಗಿಯ ಓಲಿಯೋರೆಸಿನ್, ಅಂದರೆ ಮೆಣಸಿನಕಾಯಿಯಿಂದ ತೆಗೆದ ಸಾರ, ತಂದುಕೊಟ್ಟಿದ್ದರು. ಗಟ್ಟಿ, ಕಡುಗೆಂಪು, ಚಮಚ ಎತ್ತಿದರೆ ನಿಧಾನಕ್ಕೆ ಇಳಿಯುವ ಮಾಲು. ಬ್ಯಾಡಗಿ ಅಂದರೆ ಗೊತ್ತಲ್ಲ, ಬಣ್ಣ ಜಾಸ್ತಿ, ಖಾರ ಕಡಿಮೆ. ಅದರೊಳಗಿನ ಬಣ್ಣ ಒಂದು ಬಾಟಲಿಗೆ, ಖಾರ ಕೊಡುವ ಕ್ಯಾಪ್ಸೈಸಿನ್ ಇನ್ನೊಂದು ಬಾಟಲಿಗೆ. ನಿಮ್ಮದೇ ಕೆಲಸ.

ಮಷೀನ್ ಬಂತು. ಮಾರಲು ಬಂದವರು ನಿನ್ನೆ ಮೊನ್ನೆ ಹುಟ್ಟಿದ ವಿದ್ಯೆ ಅನ್ನುವ ಹಾಗೆ ಮಾತಾಡಿದರು. 1962ರಲ್ಲೇ ಕ್ಲೆಸ್ಪರ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು ಫ್ರಿಯಾನ್ ಗ್ಯಾಸ್ ಬಳಸಿ ಇದನ್ನು ಮಾಡಿ ತೋರಿಸಿದ್ದರು, ಇರಲಿ. ಈಗ ಎಲ್ಲರೂ ಕಾರ್ಬನ್ ಡೈಆಕ್ಸೈಡ್ ಬಳಸುತ್ತಾರೆ. 31.1 ಡಿಗ್ರಿ ಮತ್ತು 73.8 ಬಾರ್ ದಾಟಿತೆಂದರೆ ಅದು ಗ್ಯಾಸೂ ಅಲ್ಲ, ದ್ರವವೂ ಅಲ್ಲ. ದ್ರವದ ಹಾಗೆ ಕರಗಿಸುತ್ತದೆ, ಗ್ಯಾಸಿನ ಹಾಗೆ ಸರಾಗವಾಗಿ ಹರಿಯುತ್ತದೆ. ಜೊತೆಗೆ ಸ್ವಲ್ಪ ಮೆಥನಾಲ್, ರನ್ ಮುಂದುವರಿದ ಹಾಗೆ ಅದನ್ನು ಹೆಚ್ಚಿಸುತ್ತಾ ಹೋಗುತ್ತಿದ್ದೆ. ಅಂಶಗಳನ್ನು ಬೇರೆ ಮಾಡುವ ಕಾಲಂ, ಬಂದದ್ದನ್ನು ಬೆಳಕಿನಿಂದ ಗುರುತಿಸುವ ಯುವಿ ಡಿಟೆಕ್ಟರ್, ಕೊನೆಗೆ ಒತ್ತಡ ಹಿಡಿದಿಡುವ ಬ್ಯಾಕ್ ಪ್ರೆಶರ್ ರೆಗ್ಯುಲೇಟರ್. ಎಲ್ಲರೂ ಅದಕ್ಕೆ ಬಿಪಿಆರ್ ಅನ್ನುತ್ತಾರೆ. ಆ ಬಿಪಿಆರ್‌ನಿಂದ ಹೊರಬಂದ ಪೈಪನ್ನು ನಾನು ಹಳೇ ಕಲೆಕ್ಟರ್‌ನ ಸೂಜಿಗೆ ಸಿಕ್ಕಿಸಿದೆ. ಥ್ರೆಡ್ ಸರಿಯಾಗಿ ಕೂತಿತು. ಕೂತದ್ದೇ ತಪ್ಪಾಯಿತು. ಕೂರದೇ ಇದ್ದಿದ್ದರೆ ಒಂದು ನಿಮಿಷ ಯೋಚನೆಯಾದರೂ ಮಾಡುತ್ತಿದ್ದೆ.

ಸ್ಕ್ರೀನ್ ಮೇಲೆ ಗ್ರಾಫ್ ನೋಡಿದರೆ ಕಣ್ಣು ತಂಪಾಗುವ ಹಾಗಿತ್ತು. 450 ನ್ಯಾನೋಮೀಟರ್‌ನಲ್ಲಿ ಬಣ್ಣದ ಪೀಕ್‌ಗಳು, ಅಂದರೆ ಗ್ರಾಫಿನ ಏರುಗಳು, ಮೊದಲೇ ಬಂದು ಹೋದವು, 280ರಲ್ಲಿ ಕ್ಯಾಪ್ಸೈಸಿನ್ ಆಮೇಲೆ, ನಡುವೆ ಸ್ವಚ್ಛ ಜಾಗ. ಸಾಹೇಬರನ್ನು ಕರೆದು ತೋರಿಸಿದೆ. ಸಂಜೆ ಟ್ಯೂಬ್‌ಗಳನ್ನು ಒಣಗಿಸಿ ತೂಕ ಮಾಡಿದರೆ, ಹಾಕಿದ್ದರಲ್ಲಿ ಅರ್ಧವೂ ಇಲ್ಲ. ಸಾಲದ್ದಕ್ಕೆ ಕ್ಯಾಪ್ಸೈಸಿನ್ ಟ್ಯೂಬ್‌ನ ತಳದಲ್ಲಿ ಕಿತ್ತಳೆ ಬಣ್ಣ.

ಮಾಲು ಕಾಲಂನಲ್ಲೇ ಸಿಕ್ಕಿಕೊಂಡಿದೆ ಅಂದುಕೊಂಡೆ. ಕಾಲಂ ಬದಲಿಸಿದೆ. ಒತ್ತಡ ಏರಿಸಿದೆ, ಇಳಿಸಿದೆ. ಓವನ್ ಬಿಸಿ ಹೆಚ್ಚಿಸಿದೆ. ಒಂದಾದ ಮೇಲೊಂದು ಸಿಲಿಂಡರ್ ಖಾಲಿಯಾದವು, ಗಿರಾಕಿಯ ಸ್ಯಾಂಪಲ್ಲೂ ಕರಗುತ್ತಾ ಬಂತು. ಪೀಕ್‌ನ ಏರಿಯಾ ಮಾತ್ರ ಪ್ರತಿ ಸಲ ಅಷ್ಟೇ ಇತ್ತು. ಅದನ್ನು ನೋಡಿದಾಗಲೇ ಹೊಳೆಯಬೇಕಿತ್ತು: ಡಿಟೆಕ್ಟರ್ ಪೂರ್ತಿ ಮಾಲನ್ನು ಕಂಡಿದೆ, ಟ್ಯೂಬ್‌ಗೆ ಬಂದಿಲ್ಲ, ಅಂದರೆ ಕಳ್ಳ ಡಿಟೆಕ್ಟರಿನ ಆಚೆಗಿದ್ದಾನೆ. ಹೊಳೆಯಲಿಲ್ಲ.

ಇಷ್ಟರ ನಡುವೆ ಲ್ಯಾಬಿನಲ್ಲಿ ಎಲ್ಲರಿಗೂ ಕೆಮ್ಮು. ಮಧ್ಯಾಹ್ನವಾದರೆ ಮೂಗು, ಕಣ್ಣು ಉರಿ. ಗಿರಣಿಯ ಘಾಟು ಅಂತ ಎಲ್ಲರೂ ಗಿರಣಿಯವನನ್ನು ಬೈದದ್ದೇ ಬೈದದ್ದು. ಆಮೇಲೆ ಒಂದು ಅಮಾವಾಸ್ಯೆ, ಗಿರಣಿ ಬಂದ್. ನಾನು ರನ್ ಹಾಕಿ ಕೂತಿದ್ದೆ. ಗ್ಲಾಸ್‌ವೇರ್ ತೊಳೆಯುವ ನಮ್ಮ ಅಕ್ಕ ಸೆರಗು ಮೂಗಿಗೆ ಹಿಡಿದುಕೊಂಡು ಬಂದರು. "ಸರ್, ಒಳಗ ಯಾರರೆ ಒಗ್ಗರಣಿ ಹಾಕ್ಯಾರೇನ್ರಿ?" ಅಂದರು.

ಒಂದು ಬಿಳಿ ಫಿಲ್ಟರ್ ಪೇಪರ್ ತಗೊಂಡು ಟ್ಯೂಬ್‌ನ ಬಾಯಿಯಿಂದ ನಾಲ್ಕು ಬೆರಳು ಮೇಲೆ ಹಿಡಿದೆ. ಬಣ್ಣದ ಪೀಕ್ ಬರುವ ಹೊತ್ತಿಗೆ ಪೇಪರ್ ಮೇಲೆ ಸಣ್ಣ ಸಣ್ಣ ಕಿತ್ತಳೆ ಚುಕ್ಕೆ ಶುರುವಾದವು, ನೋಡುತ್ತಿದ್ದ ಹಾಗೆ ಸೇರಿಕೊಂಡು ಒಂದು ಉಂಗುರವಾಯಿತು. ತಲೆ ಎತ್ತಿ ನೋಡಿದರೆ ಕಲೆಕ್ಟರ್‌ನ ಹಿಂದಿನ ಬಿಳಿ ಟೈಲ್ಸ್ ಮೇಲೂ ತೆಳುವಾಗಿ ಅದೇ ಬಣ್ಣ. ಗಿರಾಕಿಯ ಮಾಲು ಗೋಡೆಗೆ ಹೊಡೆದಿತ್ತು, ಉಳಿದದ್ದನ್ನು ನಾವು ಉಸಿರಾಡಿದ್ದೆವು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೇಜಾರಾದರೂ ಓದಿ. ಎಚ್‌ಪಿಎಲ್‌ಸಿಯಲ್ಲಿ ಡಿಟೆಕ್ಟರ್ ದಾಟಿ ಬರುವುದು ದ್ರವ. ಒಳಗೂ ದ್ರವ, ಹೊರಗೂ ದ್ರವ, ತೊಟ್ಟಿಕ್ಕುತ್ತದೆ, ಟ್ಯೂಬ್ ಹಿಡಿದರೆ ಮುಗಿಯಿತು. ಎಸ್‌ಎಫ್‌ಸಿಯಲ್ಲಿ ಬಿಪಿಆರ್ ಒಳಗಡೆ 120 ಬಾರ್, ಹೊರಗಡೆ 1. ಆ ಸೂಜಿಯಷ್ಟು ಜಾಗ ದಾಟುವಾಗ ದ್ರವದಂತಿದ್ದ ಕಾರ್ಬನ್ ಡೈಆಕ್ಸೈಡ್ ನೂರಾರು ಪಟ್ಟು ಉಬ್ಬಿ ಗ್ಯಾಸ್ ಆಗುತ್ತದೆ. ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 50 ಗ್ರಾಂ ಹರಿವು, ಅದರಲ್ಲಿ 5 ಶೇಕಡಾ ಮೆಥನಾಲ್ ಅಂದುಕೊಳ್ಳಿ. ಹೊರಗೆ ಬರುವ ದ್ರವ ನಿಮಿಷಕ್ಕೆ 3 ಮಿಲಿ ಚಿಲ್ಲರೆ. ಗ್ಯಾಸ್ ಸುಮಾರು 26 ಲೀಟರ್! ಬೆರಳು ತೂರುವಷ್ಟು ಬಾಯಿ ಇರುವ ಟ್ಯೂಬಿಗೆ ಅಷ್ಟು ಗ್ಯಾಸ್ ನುಗ್ಗಿ ವಾಪಸ್ ಹೊರಬರಬೇಕು. ಆ 3 ಮಿಲಿ ಮಂಜಿನ ಹಾಗೆ ಪುಡಿಪುಡಿಯಾಗಿ ಗ್ಯಾಸಿನ ಬೆನ್ನು ಹತ್ತಿ ಹೋಗುತ್ತದೆ. ನಿಮ್ಮ ಮಾಲು ಇರುವುದು ಆ ಮಂಜಿನಲ್ಲೇ.

ಇನ್ನೊಂದು ವಿಷಯ ತಿಳಿಯಲು ನನಗೆ ಇನ್ನೂ ಹೊತ್ತು ಹಿಡಿಯಿತು. ಮೆಣಸಿನಕಾಯಿಗೆ ಕೆಂಪು ಬಣ್ಣ ಕೊಡುವ ಕ್ಯಾಪ್ಸಾಂಥಿನ್ ಹೆಚ್ಚಾಗಿ ಕೊಬ್ಬಿನ ಆಮ್ಲಗಳ ಜೊತೆ ಸೇರಿ ಎಸ್ಟರ್ ಆಗಿ ಇರುತ್ತದೆ. ಅದು ಜಿಡ್ಡಿನ ಸ್ವಭಾವದ್ದು, ನಮ್ಮ ಕಾಲಂನಲ್ಲಿ ಬೇಗ ಬರುತ್ತಿತ್ತು. ಬೇಗ ಬರುತ್ತದೆ ಅಂದರೆ ಮೆಥನಾಲ್ ಅತಿ ಕಡಿಮೆ ಇರುವಾಗ ಬರುತ್ತದೆ. ಅಂದರೆ ಹಿಡಿದುಕೊಳ್ಳಲು ದ್ರವವೇ ಇಲ್ಲದ ಹೊತ್ತಿಗೆ. ಮೇಲಿಂದ ಆ ಎಸ್ಟರ್ ಬರೀ ಮೆಥನಾಲ್‌ನಲ್ಲಿ ಸರಿಯಾಗಿ ಕರಗುವುದೂ ಇಲ್ಲ. ಕಾರ್ಬನ್ ಡೈಆಕ್ಸೈಡ್ ಇರುವ ತನಕ ಕರಗಿತ್ತು, ಅದು ಹಾರಿದ ಕೂಡಲೇ ಪೈಪಿನ ಒಳಗೋಡೆಗೆ ಅಂಟಿತು. ಆಮೇಲೆ ಮೆಥನಾಲ್ ಜಾಸ್ತಿ ಇರುವ ಕ್ಯಾಪ್ಸೈಸಿನ್ ಬಂದು ಅದನ್ನು ಸ್ವಲ್ಪ ಸ್ವಲ್ಪ ತೊಳೆದುಕೊಂಡು ತನ್ನ ಟ್ಯೂಬಿಗೆ ಒಯ್ದಿತು. ಆ ಕಿತ್ತಳೆ ಬಣ್ಣ ಬಂದದ್ದು ಅಲ್ಲಿಂದ. ನಾನು ಅದನ್ನು ಕಾಲಂ ಬೇರ್ಪಡಿಸುತ್ತಿಲ್ಲ ಅಂತ ಓದಿಕೊಂಡು ಹೊಸ ಕಾಲಂ ತರಿಸಿದ್ದೆ. ಕಾಲಂ ತನ್ನ ಕೆಲಸ ಮಾಡಿಯೇ ಇತ್ತು.

ನಡುವೆ ನಮ್ಮ ಹುಡುಗನೊಬ್ಬ ಟ್ಯೂಬಿಗೆ ರಬ್ಬರ್ ಕಾರ್ಕ್ ಹಾಕಿ, ಸಣ್ಣ ಸೂಜಿ ಚುಚ್ಚಿ ಗ್ಯಾಸ್ ಬಿಡಲು ನೋಡಿದ. ಕಾರ್ಕ್ ಸೀಲಿಂಗ್‌ಗೆ ಹೊಡೆಯಿತು. ಗಾಜು ಒಡೆಯಲಿಲ್ಲ, ಪುಣ್ಯ. ದಯವಿಟ್ಟು ಇದನ್ನು ಮಾಡಬೇಡಿ.

ಕೊನೆಗೆ ಸರಿಮಾಡಿದ್ದು ಎರಡು ವಸ್ತುಗಳಿಂದ. ಬಿಪಿಆರ್ ಆದ ಮೇಲೆ ಇಂಗ್ಲಿಷ್ ಟಿ ಆಕಾರದ ಒಂದು ಪೈಪ್ ಜೋಡಣೆ ಹಾಕಿ, ಮೂಲೆಯಲ್ಲಿ ಬಿದ್ದಿದ್ದ ಹಳೇ ಎಚ್‌ಪಿಎಲ್‌ಸಿ ಪಂಪ್‌ನಿಂದ ಹೆಚ್ಚುವರಿ ದ್ರವ ಕೊಟ್ಟೆವು. ಇದಕ್ಕೆ ಮೇಕಪ್ ಪಂಪ್ ಅಂತಾರೆ. ಮೆಥನಾಲ್ ಬಿಟ್ಟು ಈಥೈಲ್ ಅಸಿಟೇಟ್ ಕೊಟ್ಟೆವು, ಬಣ್ಣ ಅದರಲ್ಲಿ ಚೆನ್ನಾಗಿ ಕರಗುತ್ತದೆ. ಎರಡನೆಯದು ಗ್ಯಾಸ್-ಲಿಕ್ವಿಡ್ ಸೆಪರೇಟರ್. ಅದರೊಳಗೆ ಹರಿವು ಸುತ್ತು ತಿರುಗಿ, ದ್ರವ ಗೋಡೆಗೆ ತಾಗಿ ಕೆಳಗೆ ಇಳಿಯುತ್ತದೆ, ಗ್ಯಾಸ್ ಮೇಲಿಂದ ಹೋಗುತ್ತದೆ. ಸಾಹೇಬರು ಅಂದು ಗೆರೆ ಎಳೆದು ಹೊಡೆದು ಹಾಕಿದ್ದು ಇದೇ ವಸ್ತುವನ್ನು. ಬಿಡಿಯಾಗಿ ತರಿಸುವಾಗ ಇಂಜಿನಿಯರ್ ಬಂದು ಹೋಗುವ ಖರ್ಚೂ ಸೇರಿ ಮೊದಲಿನ ಕೊಟೇಶನ್‌ಗಿಂತ ಜಾಸ್ತಿಯೇ ಆಯಿತು. ಗಿರಾಕಿ ಅಷ್ಟರಲ್ಲಿ ಉಳಿದ ಓಲಿಯೋರೆಸಿನ್ ವಾಪಸ್ ತಗೊಂಡು ಹೋಗಿದ್ದರು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಯಾವ ಕಂಪನಿ ಅಂತ ಕೇಳಿದ್ದೀರಿ. ವಾಟರ್ಸ್, ಎಜಿಲೆಂಟ್, ಶಿಮಾಡ್ಜು, ಜಾಸ್ಕೋ, ಎಲ್ಲರ ಪಂಪೂ ತಳ್ಳುತ್ತದೆ, ಎಲ್ಲರ ಯುವಿಯೂ ನೋಡುತ್ತದೆ. ನಿಮ್ಮ ಕೆಲಸಕ್ಕೆ ಎಸ್‌ಎಫ್‌ಸಿ ಬೇಕಾ ಅನ್ನುವುದೇ ನನ್ನ ಅನುಮಾನ. ಎಸ್‌ಎಫ್‌ಸಿಯ ನಿಜವಾದ ಕರಾಮತ್ತು ಕೈರಲ್ ಕೆಲಸದಲ್ಲಿ, ಎಡಗೈ ಬಲಗೈ ರೂಪದ ಔಷಧದ ಅಣುಗಳನ್ನು ಬೇರೆ ಮಾಡುವುದರಲ್ಲಿ. ಕ್ಯಾಪ್ಸೈಸಿನ್‌ಗೆ ಎಡ ಬಲ ಅನ್ನುವುದೇ ಇಲ್ಲ. ಕ್ಯಾಪ್ಸೈಸಿನ್, ಮೆಣಸಿನಕಾಯಿಯ ಇನ್ನೊಂದು ಖಾರದ ಅಂಶವಾದ ಡೈಹೈಡ್ರೋಕ್ಯಾಪ್ಸೈಸಿನ್ ಎರಡನ್ನೂ ಸಾಮಾನ್ಯ ಸಿ18 ಕಾಲಂನಲ್ಲಿ, ನಿಮ್ಮ ಹತ್ತಿರ ಇರುವ ಎಚ್‌ಪಿಎಲ್‌ಸಿಯಲ್ಲೇ ಬೇರೆ ಮಾಡಬಹುದು. ಬಣ್ಣಕ್ಕೆ ಮೊದಲು ಸಿಲಿಕಾ ಕಾಲಂ ಒಂದು ಹಾಕಿ ನೋಡಿ. ಅದಕ್ಕೆ ನಿಮ್ಮ ಹಳೇ ಕಲೆಕ್ಟರ್ ಧಾರಾಳವಾಗಿ ಸಾಕು. ಇನ್ನು ಕಾಯಿಯಿಂದಲೇ ಎಣ್ಣೆ ತೆಗೆಯುವುದು ನಿಮ್ಮ ಮನಸ್ಸಿನಲ್ಲಿದ್ದರೆ ಅದು ಎಸ್‌ಎಫ್‌ಇ (ಸೂಪರ್‌ಕ್ರಿಟಿಕಲ್ ಫ್ಲೂಯಿಡ್ ಎಕ್ಸ್‌ಟ್ರಾಕ್ಷನ್), ಬೇರೆಯದೇ ಮಷೀನ್. ಎಷ್ಟೋ ಜನ ಎರಡನ್ನೂ ಒಂದೇ ಅಂದುಕೊಂಡು ಕೊಟೇಶನ್ ತರಿಸುತ್ತಾರೆ.

ದ್ರಾವಕ ಕಡಿಮೆ ಸಾಕು, ಒಣಗಿಸುವುದು ಬೇಗ ಆಗುತ್ತದೆ, ಮುಂದೆ ಫಾರ್ಮಾ ಕೆಲಸವೂ ಬರಬಹುದು ಅನ್ನುತ್ತೀರಾ? ಸರಿ, ತಗೊಳ್ಳಿ. ಆದರೆ ನಮ್ಮೂರಿನ ಬಿಸಿಲನ್ನು ಲೆಕ್ಕಕ್ಕೆ ತಗೊಳ್ಳಿ. ಏಪ್ರಿಲ್ ಮಧ್ಯಾಹ್ನ ಹುಬ್ಬಳ್ಳಿಯಲ್ಲಿ ಶೆಡ್ಡಿನ ಹೊರಗೆ ನಿಲ್ಲಿಸಿದ ಸಿಲಿಂಡರ್ ಸುಲಭವಾಗಿ 31 ಡಿಗ್ರಿ ದಾಟುತ್ತದೆ. ದಾಟಿದ ಮೇಲೆ ಅದರೊಳಗೆ ದ್ರವ ಅನ್ನುವುದೇ ಇರುವುದಿಲ್ಲ. ಪಂಪ್ ಹೆಡ್ಡನ್ನು ಚಿಲ್ಲರ್ 4-5 ಡಿಗ್ರಿಯಲ್ಲಿ ಇಟ್ಟಿದ್ದರೂ ಹರಿವು ತೂಗಾಡುತ್ತದೆ, ಪೀಕ್ ಹಿಂದೆ ಮುಂದೆ ಆಗುತ್ತದೆ. ನೆರಳಿಗೆ, ಸಾಧ್ಯವಾದರೆ ಎಸಿ ಇರುವ ಕಡೆ ಇಡಿ. ಆರ್ಡರ್ ಮಾಡುವಾಗ ಸೈಫನ್ ಟ್ಯೂಬ್ ಇರುವ ಸಿಲಿಂಡರ್ ಅಂತ ಬಾಯಿಬಿಟ್ಟು ಹೇಳಿ. ವೆಲ್ಡಿಂಗ್ ಅಂಗಡಿಗೆ ಹೋಗುವುದನ್ನೇ ಕೊಟ್ಟುಬಿಟ್ಟರೆ ಮೇಲಿನ ಗ್ಯಾಸ್ ಬರುತ್ತದೆ, ಪಂಪಿಗೆ ಬೇಕಾದದ್ದು ತಳದ ದ್ರವ. ನಿಮಿಷಕ್ಕೆ 50 ಗ್ರಾಂ ಓಡಿಸಿದರೆ 30 ಕೆ.ಜಿ. ಸಿಲಿಂಡರ್ ಲೆಕ್ಕಕ್ಕೆ 10 ಗಂಟೆ, ಕೊನೆಯ ಭಾಗ ಎಳೆಯಲು ಬರುವುದಿಲ್ಲವಾದ್ದರಿಂದ ಅದಕ್ಕಿಂತ ಕಡಿಮೆಯೇ. ಬಿಪಿಆರ್‌ಗೆ ಹೀಟರ್ ಇರಲೇಬೇಕು, ಉಬ್ಬುವಾಗ ಗ್ಯಾಸ್ ಎಷ್ಟು ತಣ್ಣಗಾಗುತ್ತದೆ ಅಂದರೆ ಡ್ರೈ ಐಸ್ ಕಟ್ಟಿ ಪೈಪ್ ಮುಚ್ಚಿಕೊಂಡು, ಆಮೇಲೆ ಒಮ್ಮೆಲೇ ಉಗುಳುತ್ತದೆ. ಹೊರಬಂದ ಗ್ಯಾಸನ್ನು ಪೈಪ್ ಹಾಕಿ ಕಟ್ಟಡದ ಹೊರಗೇ ಬಿಡಿ. ಗಾಳಿಗಿಂತ ಒಂದೂವರೆ ಪಟ್ಟು ಭಾರ, ನೆಲದ ಹತ್ತಿರ ನಿಲ್ಲುತ್ತದೆ. ಎಂಟು ಗಂಟೆ ಕೆಲಸ ಮಾಡುವ ಜಾಗದಲ್ಲಿ 5000 ಪಿಪಿಎಂ ಮಿತಿ. ಅದನ್ನೇ ಅಳೆಯುವ ಮೀಟರ್ ಗೋಡೆಗೆ ಹಾಕಿಸಿ, ಆಕ್ಸಿಜನ್ ಮೀಟರ್ ಸಾಕು ಅನ್ನುವವರ ಮಾತು ಕೇಳಬೇಡಿ.

ಡೆಮೊಗೆ ಕರೆದಾಗ ಅವರು ತಮ್ಮ ಸ್ಯಾಂಪಲ್ ಓಡಿಸಿ ತೋರಿಸುತ್ತಾರೆ, 20-30 ಶೇಕಡಾ ಮೆಥನಾಲ್ ಹಾಕಿ. ಅಷ್ಟು ದ್ರವ ಇದ್ದರೆ ಹಿಡಿಯುವುದು ಎಷ್ಟೋ ಸುಲಭ. ನೀವು ನಿಮ್ಮ ಓಲಿಯೋರೆಸಿನ್ ಒಯ್ಯಿರಿ, 5 ಶೇಕಡಾದಲ್ಲಿ ಓಡಿಸಲು ಹೇಳಿ. ಎಷ್ಟು ಹಾಕಿದಿರಿ ಅಂತ ಮೊದಲೇ ತೂಗಿಕೊಳ್ಳಿ. ಫ್ರಾಕ್ಷನ್‌ಗಳನ್ನು ವೇಸ್ಟ್ ಬಾಟಲಿಯ ಸಮೇತ ಮನೆಗೆ ತನ್ನಿ, ಒಣಗಿಸಿ ಬರೀ ತೂಕ ನೋಡಬೇಡಿ, ನಿಮ್ಮ ಎಚ್‌ಪಿಎಲ್‌ಸಿಯಲ್ಲಿ ಎಷ್ಟಿದೆ ಅಂತ ಅಳೆಯಿರಿ. ಬಣ್ಣ ಬೆಳಕಿಗೆ ಹಾಳಾಗುತ್ತದೆ, ಕಂದು ಬಾಟಲಿ ಒಯ್ಯುವುದು ಮರೆಯಬೇಡಿ. ಹಾಕಿದ್ದರಲ್ಲಿ ಶೇಕಡಾ 90ಕ್ಕಿಂತ ಕಡಿಮೆ ವಾಪಸ್ ಬಂದರೆ ನಾನಾದರೆ ಆ ಮಷೀನ್ ತಗೊಳ್ಳುವುದಿಲ್ಲ, ರೇಟ್ ಎಷ್ಟೇ ಇಳಿಸಲಿ. ಹೊರಡುವ ಮುಂಚೆ ಬಿಪಿಆರ್ ಆಚೆಗಿನ ಪೈಪನ್ನು ಈಥೈಲ್ ಅಸಿಟೇಟ್ ಹಾಕಿ ನಿಮ್ಮ ಕಣ್ಣೆದುರೇ ತೊಳೆಯಲು ಹೇಳಿ. ತೊಳೆದ ದ್ರವ ಕೆಂಪಗಿದ್ದರೆ ಅದನ್ನೂ ಒಂದು ಬಾಟಲಿಯಲ್ಲಿ ಹಿಡಿದುಕೊಂಡು ಬಂದು ಅಳೆಯಿರಿ.