ಯಾಕೆ ನಿಲ್ಲಿಸಿದ್ರು ಅಂತ ಆಗ್ಲೂ ಕೇಳಿದ್ರು

ಹಾಸನದಿಂದ ಬರೆದಿರೋ ನಿವೃತ್ತ ಮೇಷ್ಟ್ರಿಗೆ ನಮಸ್ಕಾರ. 2025ರ ಮೇ 10ಕ್ಕೆ ಭಾರತ-ಪಾಕಿಸ್ತಾನ ಕದನವಿರಾಮ ಅಂದಾಗ ನಿಮ್ಮ ಮೊಮ್ಮಗ "ಛೇ, ಯಾಕೆ ನಿಲ್ಲಿಸಿದ್ರು, ಮುಗಿಸೇಬಿಡ್ಬೇಕಿತ್ತು" ಅಂದಿದ್ದು, ಈಗಿನ ಹುಡುಗ್ರಿಗೆ ಯುದ್ಧ ಅಂದ್ರೆ ಐಪಿಎಲ್ ಆಗೋಗಿದೆ, ನಮ್ಮ ಕಾಲ್ದಲ್ಲಿ ಹಿಂಗಿರ್ಲಿಲ್ಲ ಅಂತ ನೀವು ನೊಂದ್ಕೊಂಡಿದ್ದು ಎಲ್ಲಾ ಓದ್ದೆ. ನಿಮ್ಮ ಸಂಕಟ ಅರ್ಥ ಆಗತ್ತೆ ಸಾರ್, ಆದ್ರೆ "ಹಿಂಗಿರ್ಲಿಲ್ಲ" ಅನ್ನೋದನ್ನ ಒಪ್ಪಕ್ಕಾಗಲ್ಲ.

1965ರ ಆಗಸ್ಟ್‌ನಲ್ಲಿ ನಮ್ಮ ಸೈನ್ಯ ಪಾಕಿಸ್ತಾನದ ಕೈಲಿದ್ದ ಕಾಶ್ಮೀರದ ಹಾಜಿ ಪೀರ್ ಪಾಸ್ ಅನ್ನೋ ಬೆಟ್ಟದ ದಾರಿ ಹಿಡೀತು, 66ರ ಜನವರೀಲಿ ಪಾಕಿಸ್ತಾನದ ಜೊತೆ ತಾಷ್ಕೆಂಟ್ ಒಪ್ಪಂದ ಆಗಿ ಅದನ್ನ ವಾಪಸ್ ಕೊಡ್ಬೇಕಾಯ್ತು. ಆಗ ಜನ ಏನಂದ್ರು? ಗೆದ್ದಿದ್ದನ್ನ ಯಾಕೆ ಬಿಟ್ಕೊಟ್ರಿ ಅಂತ. ಮಹಾವೀರ ತ್ಯಾಗಿ ಅದೇ ಸಿಟ್ಟಿಗೆ ಕೇಂದ್ರದ ಮಂತ್ರಿ ಪದವೀನೇ ಬಿಟ್ರು. ಇನ್ನು 62ರಲ್ಲಿ ಚೀನಾ ಜೊತೆ ಯುದ್ಧ ಆದಾಗ ಚೀನಾ ಮೂಲದೋರು ಅನ್ನೋ ಒಂದೇ ಕಾರಣಕ್ಕೆ ಅಸ್ಸಾಂ ಕಡೆಯ ಸಂಸಾರಗಳನ್ನ ಮಕ್ಕಳು ಮರಿ ಸಮೇತ ರೈಲಿಗೆ ತುಂಬಿ ರಾಜಸ್ಥಾನದ ದೇವ್ಲಿ ಕ್ಯಾಂಪಲ್ಲಿ ಕೂಡಿಹಾಕಿದ್ರು, ಸುಮಾರು 3000 ಜನ, ಕೆಲವ್ರು ವರ್ಷಗಟ್ಲೆ ಅಲ್ಲೇ ಇದ್ರು. ಅದನ್ನ ಪ್ರಶ್ನೆ ಮಾಡಿದ ಹಿರಿಯರು ಎಷ್ಟು ಜನ ಹೇಳಿ. ವಾಟ್ಸಾಪ್ ಇರ್ಲಿಲ್ಲ ಅಷ್ಟೇ.

ಆದ್ರೂ ಒಂದು ವ್ಯತ್ಯಾಸ ಇದೆ, ಅದು ವಯಸ್ಸಿಂದಲ್ಲ, ಯುದ್ಧ ನಮ್ಮನೆಯಿಂದ ಏನು ಕೇಳ್ತು ಅನ್ನೋದ್ರದ್ದು. 62ರಲ್ಲಿ ಹೆಂಗಸ್ರು ಕೈಬಳೆ ಬಿಚ್ಚಿ ರಕ್ಷಣಾ ನಿಧಿಗೆ ಕೊಟ್ರು. 65ರಲ್ಲಿ ಶಾಸ್ತ್ರೀಜಿ ಸೋಮವಾರ ರಾತ್ರಿ ಊಟ ಬಿಡಿ ಅಂದ್ರು, ಎಷ್ಟೋ ಮನೇಲಿ ಒಲೆ ಹಚ್ಲಿಲ್ಲ, ಎಷ್ಟೋ ಹೋಟ್ಲು ಬಾಗ್ಲು ಹಾಕ್ತು. 71ರಲ್ಲಿ ಶತ್ರು ವಿಮಾನಕ್ಕೆ ಕಾಣ್ಬಾರ್ದು ಅಂತ ಗಾಡಿ ಹೆಡ್‌ಲೈಟಿಗೆ ಅರ್ಧ ಕಪ್ಪು ಬಣ್ಣ. 99ರ ಕಾರ್ಗಿಲ್ ಟೀವೀಲಿ ಬಂತು, ಟೈಗರ್ ಹಿಲ್ ನಮಗೆಲ್ಲ ಬಾಯಿಪಾಠ ಆಯ್ತು, ಆದ್ರೆ ಅಡುಗೆಮನೆಗೆ ಬಿಸಿ ತಟ್ಲಿಲ್ಲ. 2025ರ ಮೇನಲ್ಲಂತೂ ಗಡಿ ಕಡೆಯೋರನ್ನ ಬಿಟ್ರೆ ಉಳಿದೋರಿಗೆ ಮೊಬೈಲ್ ಚಾರ್ಜ್ ಬಿಟ್ಟು ಬೇರೇನೂ ಖರ್ಚಾಗ್ಲಿಲ್ಲ, ಅಂಥಾ ಯುದ್ಧ ಬೇಗ ಮುಗೀಬಾರ್ದು ಅನ್ಸೋದ್ರಲ್ಲಿ ಆಶ್ಚರ್ಯ ಏನಿದೆ.

ಅದೇ ವಯಸ್ಸಿನ ಬೆಳಗಾವಿ ಕಡೆ ಹುಡುಗ್ರನ್ನ ಮಾತಾಡಿಸಿ ನೋಡಿ. ನಸುಕಲ್ಲೇ ಎದ್ದು ಸೈನ್ಯಕ್ಕೆ ನಾಲ್ಕು ವರ್ಷಕ್ಕೆ ಸೇರಿಸ್ಕೊಳ್ಳೋ ಅಗ್ನಿವೀರ್ ರ‍್ಯಾಲಿಗೆ ಅಂತ 1600 ಮೀಟರ್ ಓಡೋ ಪ್ರಾಕ್ಟೀಸ್ ಮಾಡೋರು. ನಾಲ್ಕು ವರ್ಷ ಆದ್ಮೇಲೆ ಉಳಿಸ್ಕೊಳ್ಳೋ 25 ಪರ್ಸೆಂಟಲ್ಲಿ ತಾವಿರ್ತೀವಾ ಅನ್ನೋದು ಅವರ ಚಿಂತೆ, ಅವರಮ್ಮಂದ್ರ ಚಿಂತೆ ಬೇರೇನೇ. ಇವ್ರೂ ಈ ಪೀಳಿಗೇನೇ ಅಲ್ವಾ?

ಹಂಗಾಗಿ ಮೊಮ್ಮಗನ್ನ ಬೈಬೇಡಿ ಮೇಷ್ಟ್ರೇ. ಸೋಮವಾರದ ಉಪವಾಸದ ಕಥೆ ಹೇಳಿ, ಹೇಳೋವಾಗ ದೇವ್ಲೀದನ್ನ ಮಾತ್ರ ನುಂಗ್ಕೋಬೇಡಿ.

— ಸಂ.