8 ಜಿಬಿ ಮಿತಿಯ ಲ್ಯಾಪ್‌ಟಾಪಿಗೆ 16 ಜಿಬಿ ರ‍್ಯಾಮ್ ಹಾಕಬಹುದೇ?

ಪ್ರಶ್ನೆ: ಮಂಡಗದ್ದೆಯಲ್ಲಿ ತೆಗೆದ ಹಕ್ಕಿಗಳ ಚಿತ್ರಗಳನ್ನು 2011ರ ಲ್ಯಾಪ್‌ಟಾಪಿನಲ್ಲಿ ತಿದ್ದುತ್ತೇನೆ. ಅದರಲ್ಲಿರುವುದು ಇಂಟೆಲ್ ಎರಡನೇ ತಲೆಮಾರಿನ ಕೋರ್ ಐ5 ಪ್ರೊಸೆಸರ್, 4 ಜಿಬಿಯ ಎರಡು ರ‍್ಯಾಮ್ ಸ್ಟಿಕ್ಕುಗಳು. ಗರಿಷ್ಠ ಮಿತಿ 8 ಜಿಬಿ ಎಂದು ಕೈಪಿಡಿಯಲ್ಲಿದೆ. 16 ಜಿಬಿ ಹಾಕಿದರೆ ಯಂತ್ರವೇ ಸುಟ್ಟುಹೋದೀತು ಎಂದು ಪರಿಚಯದವರೊಬ್ಬರು ಹೆದರಿಸಿದ್ದಾರೆ. ಏನು ಮಾಡಲಿ?
— ಓದುಗರು, ತೀರ್ಥಹಳ್ಳಿ

ಉತ್ತರ: ಸುಡುವ ಭಯ ಬೇಡ. ರ‍್ಯಾಮಿನ ಪ್ರಮಾಣ ಹೆಚ್ಚಾಯಿತೆಂಬ ಕಾರಣಕ್ಕೆ ಯಂತ್ರ ಕೆಡುವುದಿಲ್ಲ. ಹೊಂದದಿದ್ದರೆ ಅದು ಆನ್ ಆಗದೆ ಬೀಪ್ ಸದ್ದು ಮಾಡಬಹುದು, ಹಳೆಯ ಸ್ಟಿಕ್ಕುಗಳನ್ನು ಮರಳಿ ಹಾಕಿದರೆ ಮೊದಲಿನಂತೆ ನಡೆಯುತ್ತದೆ.

ಕೈಪಿಡಿಯಲ್ಲಿರುವ ಅಂಕಿ ಅನೇಕ ವೇಳೆ ಯಂತ್ರದ ನಿಜವಾದ ಶಕ್ತಿಯನ್ನಲ್ಲ, ಅದು ಮಾರುಕಟ್ಟೆಗೆ ಬಂದ ದಿನಗಳಲ್ಲಿ ತಯಾರಕರು ಪರೀಕ್ಷಿಸಿ ನೋಡಿದ್ದ ಸ್ಟಿಕ್ಕುಗಳ ಗಾತ್ರವನ್ನು ಹೇಳುತ್ತದೆ. ಆಪಲ್ ಸಂಸ್ಥೆಯು 2011ರ ಮ್ಯಾಕ್‌ಬುಕ್ ಪ್ರೊಗೆ 8 ಜಿಬಿ ಮಿತಿಯೆಂದು ಹೇಳಿದ್ದರೂ ಬಳಕೆದಾರರು ಅದನ್ನು 16 ಜಿಬಿಯಲ್ಲಿ ವರ್ಷಗಟ್ಟಲೆ ನಡೆಸಿದ್ದಾರೆ. ನಿಮ್ಮ ಪೀಳಿಗೆಯ ಪ್ರೊಸೆಸರುಗಳಲ್ಲಿ ರ‍್ಯಾಮನ್ನು ನಿಯಂತ್ರಿಸುವ ಭಾಗ ಪ್ರೊಸೆಸರಿನೊಳಗೇ ಇರುವುದರಿಂದ ಮೊದಲು ನೋಡಬೇಕಾದದ್ದು ಇಂಟೆಲ್ ಜಾಲತಾಣದಲ್ಲಿ ಆ ಮಾದರಿಗೆ ಕೊಟ್ಟಿರುವ ಮಿತಿಯನ್ನು. ಲ್ಯಾಪ್‌ಟಾಪಿನ ಎರಡನೇ ತಲೆಮಾರಿನ ಐ5ಗಳಿಗೆ ಅದು 16 ಜಿಬಿ.

ಆದರೆ 8 ಜಿಬಿಯ ಎರಡು ಡಿಡಿಆರ್3 (ನಿಮ್ಮ ಲ್ಯಾಪ್‌ಟಾಪಿನ ಕಾಲದ ರ‍್ಯಾಮ್ ಬಗೆ) ಸ್ಟಿಕ್ಕುಗಳನ್ನೇ ಕೊಳ್ಳಿ. 16 ಜಿಬಿಯ ಒಂಟಿ ಸ್ಟಿಕ್ಕಿನಲ್ಲಿರುವ ಹೆಚ್ಚು ಸಾಂದ್ರತೆಯ ಚಿಪ್ಪುಗಳು ಇಂಟೆಲ್‌ನ ಈ ಹಳೆಯ ಪ್ರೊಸೆಸರಿಗೆ ಅರ್ಥವಾಗುವುದಿಲ್ಲ. ಲ್ಯಾಪ್‌ಟಾಪ್ ಆನ್ ಆದೊಡನೆ ಮೊದಲು ಓಡುವ, ಅದರೊಳಗೇ ಇರುವ ತಂತ್ರಾಂಶವಾದ ಬಯಾಸ್ ಒಪ್ಪದಿರುವ ಸಾಧ್ಯತೆಯೂ ಇರುವುದರಿಂದ, ಹೊಂದದಿದ್ದರೆ ಹಿಂದಕ್ಕೆ ಪಡೆಯುವುದಾಗಿ ಅಂಗಡಿಯವರಿಂದ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಬಯಾಸನ್ನು ನವೀಕರಿಸುವುದಾದರೆ, ಮಳೆಗಾಲದಲ್ಲಿ ಕರೆಂಟು ಯಾವ ಗಳಿಗೆಯಲ್ಲಿ ಹೋದೀತೆಂದು ಹೇಳಲಾಗದ ನಮ್ಮ ಕಡೆ, ಬ್ಯಾಟರಿ ಪೂರ್ತಿ ತುಂಬಿದ್ದು ಕೆಲಹೊತ್ತು ತಾಳುತ್ತದೆ ಎಂಬುದನ್ನು ಖಚಿತಪಡಿಸಿಕೊಂಡೇ ಕೈಹಾಕಬೇಕು. ಅರ್ಧಕ್ಕೆ ನಿಂತರೆ ಲ್ಯಾಪ್‌ಟಾಪ್ ಮತ್ತೆ ಏಳದಿರಬಹುದು. ನಿಜವಾದ ಅಪಾಯವಿರುವುದು ಇಲ್ಲಿ, ರ‍್ಯಾಮಿನಲ್ಲಲ್ಲ.

ವಿಂಡೋಸ್ 64 ಬಿಟ್‌ನದ್ದೇ ಆಗಿರಬೇಕು. ವಿಂಡೋಸ್ 7ರ ಹೋಮ್ ಬೇಸಿಕ್ ಆವೃತ್ತಿಯಾದರೆ 8 ಜಿಬಿಗಿಂತ ಹೆಚ್ಚನ್ನು ಅದು ಬಳಸುವುದೇ ಇಲ್ಲ.

ಇನ್ನೊಂದು ಮಾತು. ಚಿತ್ರಗಳನ್ನು ತಿದ್ದುವಾಗ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ರ‍್ಯಾಮ್ ತುಂಬದೆ ಡಿಸ್ಕ್ ಮಾತ್ರ ಸದಾ ನೂರು ಪ್ರತಿಶತದಲ್ಲಿದ್ದರೆ, ಹಾಗೂ ಅದು ತಿರುಗುವ ಹಾರ್ಡ್‌ಡಿಸ್ಕ್ ಆಗಿದ್ದರೆ, ಮೊದಲು ತಿರುಗುವ ಭಾಗಗಳಿಲ್ಲದ, ವೇಗದ ಡಿಸ್ಕ್ ಆದ ಎಸ್‌ಎಸ್‌ಡಿಗೆ ಹಣ ಹಾಕಿ ಎಂದೇ ನಾನು ಹೇಳುತ್ತೇನೆ. ರ‍್ಯಾಮ್ ಹಾಕಿದಿರಾದರೆ ಒಂದು ರಾತ್ರಿ ಪೂರ್ತಿ ರ‍್ಯಾಮ್ ಪರೀಕ್ಷಿಸುವ ತಂತ್ರಾಂಶ ಮೆಮ್‌ಟೆಸ್ಟ್86 ಓಡಿಸಿ. ಒಂದೇ ಒಂದು ದೋಷ ತೋರಿಸಿದರೂ ಆ ಸ್ಟಿಕ್ಕನ್ನು ಮರಳಿಸಿಬಿಡಿ.